ತೇವದ ಗೂಡಿನ ಹಾಸು

ಕಂಪಲಾಪುರದಿಂದ ಒಳಕ್ಕೆ ಎರಡು ಮೈಲಿ ಹೋದರೆ ರಸ್ತೆಯ ಎಡಗಡೆ ಹಸಿರು ಬಲೆ ಹೊದಿಸಿದ ಉದ್ದನೆಯ ಚಪ್ಪರವೊಂದು ಕಾಣುತ್ತದೆ. ಅದು ಚಾಮಯ್ಯನ ಸಸಿಮಡಿ. ಇಪ್ಪತ್ತೆರಡು ವರ್ಷದಿಂದ ಅವನು ಅಲ್ಲಿ ಹೊಗೆಸೊಪ್ಪು, ಟೊಮೆಟೊ, ಮೆಣಸಿನಕಾಯಿ, ಕೋಸಿನ ಸಸಿ ಎಬ್ಬಿಸುತ್ತಿದ್ದಾನೆ. ಚಾಮಯ್ಯನ ಸಸಿ ನಾಟಿ ಮಾಡಿದರೆ ನೂರಕ್ಕೆ ತೊಂಬತ್ತೈದು ಹಿಡಿಯುತ್ತದೆ ಎನ್ನುವುದು ಆ ಕಡೆಯ ರೈತರ ಮಾತು. ಗುಟ್ಟೇನೆಂದು ಯಾರಾದರೂ ಕೇಳಿದರೆ ಅವನು ಬಲಗೈ ಚಾಚಿ ತೋರಿಸುತ್ತಿದ್ದ. ನೆನೆಸಿದ ತೆಂಗಿನ ನಾರಿನ ಪುಡಿಯನ್ನು ಒಂದು ಹಿಡಿ ತೆಗೆದು ಹಿಂಡುವುದು. ಬೆರಳ ಸಂದಿಯಲ್ಲಿ ಎರಡು ಹನಿ ಬಂದರೆ ಸರಿ, ಮೂರನೆಯದು ಬಂದರೆ ಹೆಚ್ಚಾಯಿತು, ಒಂದೂ ಬಾರದಿದ್ದರೆ ಒಣಗಿದೆ. ಅವನ ಶಾಸ್ತ್ರವೆಲ್ಲ ಅಷ್ಟೇ.

ಒಮ್ಮೆ ಯಾರೋ ಒಬ್ಬ ಕೃಷಿ ವಿದ್ಯಾರ್ಥಿ ತೇವ ಅಳೆಯುವ ಯಂತ್ರ ಹಿಡಿದು ಬಂದಿದ್ದ. ಚಾಮಯ್ಯ ಮೊದಲು ಹಿಂಡಿ ನೋಡಿ ಹೇಳಿದ್ದೂ ಆಮೇಲೆ ಯಂತ್ರ ತೋರಿಸಿದ್ದೂ ಒಂದೇ ಆಯಿತು. ಆ ಕಥೆಯನ್ನು ಅವನು ಹತ್ತು ವರ್ಷ ಹೇಳಿದ. ಕೈ ಅವನಿಗೆ ಕೊಟ್ಟದ್ದು ಬಹಳ. ಆದರೆ ತನ್ನ ಕೈಗೆ ತಿಳಿಯದ್ದನ್ನು ಇನ್ನೊಬ್ಬರನ್ನು ಕೇಳುವ ಅಭ್ಯಾಸವನ್ನು ಅದೇ ಕೈ ಅವನಿಂದ ಕಿತ್ತುಕೊಂಡಿತ್ತು. ಇದು ಅವನಿಗೆ ಹೊಳೆದದ್ದು ಐವತ್ತೇಳನೆಯ ವಯಸ್ಸಿನಲ್ಲಿ, ಒಂದು ಹಲ್ಲಿಯ ದೆಸೆಯಿಂದ.

ಚಾಮಯ್ಯನಿಗೆ ಒಬ್ಬಳೇ ಮಗಳು, ಅನುಶ್ರೀ. ಚಿಕ್ಕವಳಿದ್ದಾಗ ಸಸಿಮಡಿಯಲ್ಲೇ ಬೆಳೆದವಳು. ಪಿಯುಸಿ ಮುಗಿಸಿದಾಗ ಅವಳಿಗೆ ಕೃಷಿ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ದೂರದ ಊರು, ಹಾಸ್ಟೆಲಿನಲ್ಲಿರಬೇಕು. ಚಾಮಯ್ಯ ಬೇಡವೆಂದ. ಬೇಡವೆಂದದ್ದಷ್ಟೇ ಆಗಿದ್ದರೆ ಅವಳು ಮರೆಯುತ್ತಿದ್ದಳೇನೋ. ಮನೆಗೆ ಬಂದ ನೆಂಟರ ಎದುರಿಗೆ, ಸಸಿ ಎಬ್ಬಿಸುವುದು ಕಾಲೇಜಿನಲ್ಲಿ ಕಲಿಯುವಂಥದ್ದಲ್ಲ, ಅದು ಕೈಯಲ್ಲಿರಬೇಕು, ಇವಳ ಕೈಯಲ್ಲಿ ಅದಿಲ್ಲ ಎಂದುಬಿಟ್ಟಿದ್ದ. ಹುಡುಗಿ ಅಳಲಿಲ್ಲ. ಮೈಸೂರಿಗೆ ಹೋಗಿ ರಕ್ತ ಪರೀಕ್ಷೆಯ ಡಿಪ್ಲೊಮಾ ಓದಿ ಬಂದು ಪಿರಿಯಾಪಟ್ಟಣದ ಒಂದು ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದಳು. ದಿನಾ ಬೆಳಗಿನ ಬಸ್ಸಿಗೆ ಹೋಗಿ ಸಂಜೆಯ ಬಸ್ಸಿಗೆ ಬರುತ್ತಿದ್ದಳು. ಅಪ್ಪ ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು. ತಾನಾಗಿ ಏನನ್ನೂ ಕೇಳುತ್ತಿರಲಿಲ್ಲ. ಹೀಗೆ ಐದು ವರ್ಷ ಕಳೆಯಿತು.

ಹೋದ ವರ್ಷ ಸಂಕ್ರಾಂತಿ ಕಳೆದ ಮೇಲೆ ಅವಳು ಒಂದು ಗಾಜಿನ ಪೆಟ್ಟಿಗೆಯನ್ನು ಎರಡು ಕೈಯಲ್ಲಿ ತಬ್ಬಿಕೊಂಡು ಬಸ್ಸಿಳಿದಳು. ಅವಳ ಜೊತೆ ಲ್ಯಾಬಿನಲ್ಲಿದ್ದ ಪ್ರಿಯಾ ಎಂಬ ಹುಡುಗಿಗೆ ಮದುವೆಯಾಗಿ, ಗಂಡನ ಮನೆಯವರು ಹಲ್ಲಿಯನ್ನು ಒಳಗೆ ತರಕೂಡದು ಎಂದಿದ್ದರಂತೆ. ಪೆಟ್ಟಿಗೆಯಲ್ಲಿದ್ದದ್ದು ಆಫ್ರಿಕಾ ಕಡೆಯ ತಳಿಯ ಹಲ್ಲಿ. ಗೋಡೆ ಹತ್ತುವುದಿಲ್ಲ, ಲೊಚಗುಟ್ಟುವುದಿಲ್ಲ. ಗೇಣುದ್ದದ ಮೈ, ಕಂದು ಬಣ್ಣದ ಮೇಲೆ ಗೋಧಿ ಬಣ್ಣದ ಪಟ್ಟೆ, ಮೂಲಂಗಿಯ ಹಾಗೆ ದಪ್ಪಗಿನ ಬಾಲ. ಕಣ್ಣಿಗೆ ರೆಪ್ಪೆ ಇತ್ತು. ನಿಧಾನಕ್ಕೆ ಮುಚ್ಚಿ ತೆರೆಯುತ್ತಿತ್ತು. ಅನುಶ್ರೀ ಅದನ್ನು ಬೆಲ್ಲ ಎಂದು ಕರೆಯುತ್ತಿದ್ದಳು.

ಚಾಮಯ್ಯನ ತಾಯಿ ಚಿಕ್ಕಬೀರಮ್ಮ, ಎಂಬತ್ತು ದಾಟಿದಾಕೆ, ಮೈಮೇಲೆ ಹಲ್ಲಿ ಬಿದ್ದರೆ ಸ್ನಾನ ಮಾಡುವ ಮನೆಯಲ್ಲಿ ಹಲ್ಲಿಗೆ ಹುಳು ತಂದು ಹಾಕುವುದನ್ನು ನೋಡಬೇಕಾಯಿತಲ್ಲ ಎಂದು ಎರಡು ದಿನ ಗೊಣಗಿದಳು. ಮೂರನೆಯ ದಿನ ಪೆಟ್ಟಿಗೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಇದರ ಮುಖ ಶಾಂತವಾಗಿದೆ ಎಂದಳು. ಹೆಂಡತಿ ಸುನಂದಮ್ಮ ಏನೂ ಅನ್ನಲಿಲ್ಲ. ಚಾಮಯ್ಯನೂ ಅನ್ನಲಿಲ್ಲ. ಅವನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ.

ಮಾರ್ಚಿನ ಬಿಸಿಲು ಏರಿದಾಗ ತೊಂದರೆ ಶುರುವಾಯಿತು. ಆ ಹಲ್ಲಿ ತಿಂಗಳಿಗೊಮ್ಮೆ ಮೈಯ ಪೊರೆ ಬಿಡುತ್ತದೆ, ಬಿಟ್ಟ ಪೊರೆಯನ್ನು ತಾನೇ ತಿನ್ನುತ್ತದೆ. ಪೊರೆ ಸಲೀಸಾಗಿ ಬರಬೇಕಾದರೆ ಪೆಟ್ಟಿಗೆಯ ಒಂದು ಮೂಲೆಯಲ್ಲಿ ತೇವದ ಗೂಡು ಇರಬೇಕು. ಅಂದರೆ, ಪಕ್ಕದಲ್ಲಿ ತೂತು ಕೊರೆದ ಮುಚ್ಚಳದ ಡಬ್ಬಿ, ಒಳಗೆ ಒದ್ದೆ ಹಾಸು. ಪ್ರಿಯಾ ಅದಕ್ಕೆ ಟಿಶ್ಯೂ ಕಾಗದ ಹಾಕಿಕೊಟ್ಟಿದ್ದಳು. ಅನುಶ್ರೀ ಬೆಳಿಗ್ಗೆ ನೆನೆಸಿ ಹೋದರೆ ಮಧ್ಯಾಹ್ನಕ್ಕೆಲ್ಲ ಅದು ಒಣಗಿ ಗರಿಗರಿ. ಆ ಸಲ ಪೊರೆ ಪೂರ್ತಿ ಬರಲಿಲ್ಲ. ಕಾಲ್ಬೆರಳುಗಳಲ್ಲಿ ದಾರ ಸುತ್ತಿದಂತೆ ಉಳಿದುಕೊಂಡಿತು. ಹಾಗೇ ಬಿಟ್ಟರೆ ರಕ್ತ ಓಡದೆ ಬೆರಳು ಉದುರಿಹೋಗುತ್ತದೆ ಎಂದು ಅವಳು ಓದಿದ್ದಳು. ಭಾನುವಾರವೆಲ್ಲ ಕೂತು, ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಒಂದೊಂದೇ ಬೆರಳಿನ ಪೊರೆ ಬಿಡಿಸಿದಳು.

ಮಾರನೆಯ ಸಂಜೆ ಬಸ್ಸಿಳಿದವಳು ಮನೆಗೆ ಹೋಗದೆ ನೇರ ಸಸಿಮಡಿಗೆ ಬಂದಳು.

"ಅಪ್ಪ, ತೇವ ಹಿಡ್ಕೊಂಡಿರ್ಬೇಕು, ಕೊಳೀಬಾರ್ದು, ನೀರು ಸುರೀಬಾರ್ದು. ಅಂಥದ್ದು ಯಾವ್ದಿದೆ?" ಎಂದು ಕೇಳಿದಳು.

ಚಾಮಯ್ಯ ಕೈಯಲ್ಲಿದ್ದ ಟ್ರೇಯನ್ನು ಕೆಳಗಿಟ್ಟ. ಐದು ವರ್ಷದಲ್ಲಿ ಅವಳು ಕೇಳಿದ ಮೊದಲ ಪ್ರಶ್ನೆ ಅದು.

"ಒಂದೇ ಮಾತ್ಗೆ ಯೋಳಕ್ಕಾಗಕಿಲ್ಲ ಕಣವ್ವ. ನೋಡ್ಬೇಕು," ಎಂದ.

ಮುಂದಿನ ಹದಿನೈದು ದಿನ ಚಾಮಯ್ಯನ ಬದುಕಿನಲ್ಲಿ ಬಹಳ ಒಳ್ಳೆಯ ದಿನಗಳು. ಒಂದೇ ಅಳತೆಯ ನಾಲ್ಕು ಪ್ಲಾಸ್ಟಿಕ್ ಡಬ್ಬಿ ತಂದು ಅಪ್ಪ ಮಗಳು ಜಗುಲಿಯ ಮೇಲೆ ಸಾಲಾಗಿ ಇಟ್ಟರು. ಒಂದರಲ್ಲಿ ಟಿಶ್ಯೂ ಕಾಗದ, ಇನ್ನೊಂದರಲ್ಲಿ ತೊಳೆದ ಮರಳು, ಮೂರನೆಯದರಲ್ಲಿ ನಾರಿನ ಪುಡಿ. ನಾಲ್ಕನೆಯದಕ್ಕೆ, ಆರ್ಕಿಡ್ ಗಿಡದ ಬುಡಕ್ಕೆ ಕಟ್ಟುವ ಒಣ ಪಾಚಿಯನ್ನು ಅವಳು ಕುಶಾಲನಗರದ ಹೂಗಿಡದ ನರ್ಸರಿಯಿಂದ ತರಿಸಿದಳು. ನಾಲ್ಕಕ್ಕೂ ಅಳೆದು ನೀರು ಹಾಕಿ, ದಿನಾ ಬೆಳಿಗ್ಗೆ ಸಂಜೆ ಚಾಮಯ್ಯ ಬೆರಳಿಟ್ಟು ನೋಡಿ ಹೇಳುವುದು, ಅವಳು ಪುಸ್ತಕದಲ್ಲಿ ಬರೆಯುವುದು. ಮರಳು ಮೇಲೆ ಒಣಗಿ ಅಡಿಯಲ್ಲಿ ಕೆಸರಾಯಿತು. ಕಾಗದ ಒಂದು ಹಗಲೂ ತಾಳಲಿಲ್ಲ. ಪಾಚಿ ಮೂರು ದಿನ ತೇವವಿತ್ತು. ನಾರಿನ ಪುಡಿ ಐದು ದಿನ, ಅದೂ ಮೇಲಿಂದ ಕೆಳಗಿನವರೆಗೆ ಒಂದೇ ಸಮ.

ಆ ದಿನಗಳಲ್ಲಿ ಅವಳು ಬಸ್ಸಿಳಿಯುವ ಹೊತ್ತಿಗೆ ಚಾಮಯ್ಯ ಕೈಕಾಲು ತೊಳೆದು ಜಗುಲಿಯಲ್ಲಿ ಕಾಯುತ್ತಿದ್ದ. ಒಂದು ಸಂಜೆ ಅವಳು, ಹಿಂಡಿ ನೋಡುವುದು ಹೇಗೆ ಎಂದು ಕೇಳಿದಳು. ಅವನು ಅವಳ ಅಂಗೈಗೆ ಪುಡಿ ತುಂಬಿ, ತನ್ನ ಕೈಯಿಂದ ಅವಳ ಬೆರಳು ಮಡಿಸಿ, ಎಷ್ಟು ಬಿಗಿ ಹಿಡಿಯಬೇಕೆಂದು ತೋರಿಸಿದ. ಎರಡು ಹನಿ ಬಂತು. ಅವಳು ನಕ್ಕಳು. ಹಿಂದೆ ಆಡಿದ್ದ ಮಾತನ್ನು ವಾಪಸು ತೆಗೆದುಕೊಳ್ಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಅವನು ತೆಗೆದುಕೊಳ್ಳಲಿಲ್ಲ. ಅದರ ಅಗತ್ಯವೇ ಈಗ ಇಲ್ಲವೆಂದುಕೊಂಡ.

ಕೊನೆಗೆ ಹಾಸು ಯಾವುದೆಂದು ತೀರ್ಮಾನ ಮಾಡುವ ದಿನ ಬಂತು. ಚಾಮಯ್ಯನಿಗೆ ಅದರಲ್ಲಿ ಕೇಳುವಂಥದ್ದೇನೂ ಕಾಣಲಿಲ್ಲ. ಐದು ದಿನ ಎಲ್ಲಿ, ಮೂರು ದಿನ ಎಲ್ಲಿ. ಆದರೆ ಅನುಶ್ರೀ ಒದ್ದೆ ಬೆರಳನ್ನು ಪುಡಿಯ ಡಬ್ಬಿಗೆ ಮುಟ್ಟಿಸಿ ಎತ್ತಿ ತೋರಿಸಿದಳು. ಬೆರಳಿಗೆ ಕಂದು ಪುಡಿ ಮೆತ್ತಿತ್ತು. ಪೊರೆಯನ್ನು ತಿನ್ನುವಾಗ ಅದರ ಜೊತೆ ಈ ಪುಡಿಯೂ ಹೊಟ್ಟೆಗೆ ಹೋಗುತ್ತದೆ, ಕರುಳಲ್ಲಿ ಕಟ್ಟಿಕೊಳ್ಳುತ್ತದೆ ಎಂದಳು. ಪಾಚಿಯಾದರೆ ಎಳೆ ಉದ್ದ, ಅಂಟುವುದಿಲ್ಲ. ಎರಡು ದಿನಕ್ಕೊಮ್ಮೆ ನೀರು ಚಿಮುಕಿಸಿದರಾಯಿತು. ಜರಡಿ ಹಿಡಿದು ದಪ್ಪ ಪುಡಿ ಮಾತ್ರ ಹಾಕೋಣ ಎಂದ ಚಾಮಯ್ಯ.

"ಬೇಡ ಅಪ್ಪ. ಅದ್ರಲ್ಲೂ ನಮ್ಮ ಶೆಡ್ಡಿಂದು ಬೇಡ್ವೇ ಬೇಡ. ನೀವು ಏನೇನು ಬೆರೆಸಿರ್ತೀರೋ," ಎಂದಳು ಅನುಶ್ರೀ.

ಅವಳು ಸಹಜವಾಗಿ ಆಡಿದ ಮಾತು. ಚಾಮಯ್ಯ, "ಆಯ್ತು ಬುಡು," ಎಂದು ಎದ್ದುಹೋದ. ಆದರೆ ಆ ಮಾತು ಅವನಿಗೆ ನಾಟಿತು. ಊರೆಲ್ಲ ಬಂದು ಕೈಮುಗಿದು ಒಯ್ಯುವ ಸಸಿಗಳನ್ನು ಬೆಳೆಸುವ ಪುಡಿ ಒಂದು ಹಲ್ಲಿಗೆ ಆಗಿಬರಲಿಲ್ಲವಲ್ಲ ಎಂಬುದು ಒಳಗೇ ಉಳಿಯಿತು. ಗೂಡಿಗೆ ಪಾಚಿ ಬಿತ್ತು. ಮುಂದಿನ ಪೊರೆ ತಲೆಯಿಂದ ಬಾಲದ ತುದಿಯವರೆಗೆ ಸಲೀಸಾಗಿ ಬಿಟ್ಟಿತು. ಅನುಶ್ರೀ ಅವನನ್ನು ಕರೆದು ಹಲ್ಲಿಯ ಕಾಲು ತೋರಿಸಿದಳು. ಚೆನ್ನಾಗಿದೆ ಎಂದ.

ಏಪ್ರಿಲ್ ಕೊನೆಯಲ್ಲಿ ಲ್ಯಾಬಿಗೆ ಹೊಸ ಯಂತ್ರ ಬಂದು, ಅದನ್ನು ನಡೆಸುವುದು ಕಲಿಯಲು ಅವಳು ಒಂಬತ್ತು ದಿನ ಮೈಸೂರಿನಲ್ಲಿ ಉಳಿಯಬೇಕಾಯಿತು. ಹೊರಡುವ ಮುಂಚೆ ಒಂದು ಹಾಳೆಯಲ್ಲಿ ಎಲ್ಲ ಬರೆದು ಗೋಡೆಗೆ ಅಂಟಿಸಿದಳು. ಹುಳು ಎಷ್ಟು, ನೀರು ಯಾವಾಗ, ಪಾಚಿ ವಾಸನೆ ಬಂದರೆ ಬದಲಿಸುವುದು ಹೇಗೆ. ಹೊಸ ಪಾಚಿಯ ಪ್ಯಾಕೆಟ್ಟನ್ನು ಪೆಟ್ಟಿಗೆಯ ಮೇಲಿನ ಗೂಟದಲ್ಲಿ ಚೀಲಕ್ಕೆ ಹಾಕಿ ತೂಗುಹಾಕಿದ್ದಳು. ಅಪ್ಪನಿಗೇ ಹೇಳಿ ಹೋದಳು, ಅಮ್ಮನಿಗಲ್ಲ.

ಐದನೆಯ ದಿನ ಗೂಡಿನ ಮುಚ್ಚಳ ತೆಗೆದಾಗ ಹುಳಿ ವಾಸನೆ ಬಂತು. ಪಾಚಿಯ ಒಂದು ಮಗ್ಗುಲಲ್ಲಿ ಬಿಳಿ ಬೂಷ್ಟು ಹಿಡಿದಿತ್ತು. ಚಾಮಯ್ಯನಿಗೆ ಮೊದಲು ಅನಿಸಿದ್ದು ಬೇಸರವಲ್ಲ, ಗೆದ್ದೆನೆಂಬ ಸಂತೋಷ. ಹಾಳಾದ ಪಾಚಿಯನ್ನು ತಿಪ್ಪೆಗೆ ಎಸೆದ. ತಲೆ ಎತ್ತಿದರೆ ಕಣ್ಣೆದುರೇ ಹೊಸ ಪ್ಯಾಕೆಟ್ಟಿನ ಚೀಲ ತೂಗುತ್ತಿತ್ತು. ಅವನು ಅದನ್ನು ಮುಟ್ಟಲಿಲ್ಲ. ಅವಳು ಬಂದಾಗ ನಾರಿನ ಪುಡಿಯ ಮೇಲೆ ಹಲ್ಲಿ ಆರಾಮಾಗಿ ಮಲಗಿರುವುದನ್ನು ತೋರಿಸಿ, ನೋಡಿದೆಯಾ ಎನ್ನಬೇಕು, ಅಷ್ಟೇ ಅವನ ತಲೆಯಲ್ಲಿ ಇದ್ದದ್ದು.

ಸಸಿಮಡಿಯ ಶೆಡ್ಡಿಗೆ ಹೋಗಿ ಕರಿ ಡ್ರಮ್ಮಿನ ತಳದಲ್ಲಿದ್ದ ಪುಡಿಯನ್ನು ಗೋರಿಕೊಂಡ. ಒಂದು ಕ್ಷಣ ಕೈ ತಡೆಯಿತು. ಬಿತ್ತನೆ ಮಾಡುವಾಗ ಬೀಜವನ್ನು ಇರುವೆ ಹೊತ್ತೊಯ್ಯಬಾರದೆಂದು ಅವನು ಪುಡಿಗೆ ಇರುವೆ ಮದ್ದು ಬೆರೆಸುವುದಿತ್ತು. ಬೆರೆಸಿದ್ದು ನೀಲಿ ಡ್ರಮ್ಮಿನದಕ್ಕೋ ಕರಿ ಡ್ರಮ್ಮಿನದಕ್ಕೋ ಎಂದು ಯೋಚಿಸಿದ. ನೀಲಿಯದಕ್ಕೆ ಎಂದುಕೊಂಡ. ಸುನಂದಮ್ಮನನ್ನು ಕೇಳಿದ್ದರೆ ಗೊತ್ತಾಗುತ್ತಿತ್ತು. ಬೆರೆಸುವಾಗ ಜೊತೆಯಲ್ಲಿದ್ದವಳು ಅವಳೇ, ಈಗ ಹತ್ತು ಮಾರು ದೂರದಲ್ಲಿ ಟ್ರೇ ತೊಳೆಯುತ್ತಿದ್ದಳು. ಅವನು ಕೇಳಲಿಲ್ಲ. ಕರಿ ಡ್ರಮ್ಮಿನ ಪುಡಿಯನ್ನು ನೆನೆಸಿ, ಹಿಂಡಿ, ಎರಡು ಹನಿ ನೋಡಿ, ಗೂಡಿಗೆ ತುಂಬಿದ.

ಮರುದಿನ ಬೆಳಿಗ್ಗೆ ಬೆಲ್ಲ ಗೂಡಿನಿಂದ ಅರ್ಧ ಹೊರಗೆ ಬಂದು ಬಿದ್ದಿತ್ತು. ಬಾಯಿ ತೆರೆದಿತ್ತು. ಮುಂಗಾಲು ಎರಡೂ ಸಣ್ಣಗೆ ನಡುಗುತ್ತಿದ್ದವು. ಚಾಮಯ್ಯ ಕೂಗಿ ಸುನಂದಮ್ಮನನ್ನು ಕರೆದ. ಅವಳು ಗೂಡಿನೊಳಗಿನ ಪುಡಿಯನ್ನು ಕಂಡು, ಇದು ಯಾವ ಡ್ರಮ್ಮಿನದು ಎಂದು ಕೇಳಿದಳು. ಅವನು ಹೇಳಿದ. ಮದ್ದು ಬೆರೆಸಿದ್ದು ಅದಕ್ಕೇ ಎಂದವಳು ಓಡಿಹೋಗಿ ಬೆಚ್ಚಗಿನ ನೀರು ತಂದಳು. ಇಬ್ಬರೂ ಸೇರಿ ಅದರ ಮೈಯನ್ನು ಮತ್ತೆ ಮತ್ತೆ ತೊಳೆದರು. ಚಾಮಯ್ಯ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟುಕೊಂಡು ಬೈಕಿನಲ್ಲಿ ಪಿರಿಯಾಪಟ್ಟಣಕ್ಕೆ ಹೋದ. ದನಕರು ನೋಡುವ ಡಾಕ್ಟರು ಒಳ್ಳೆಯ ಮನುಷ್ಯ. ಹಲ್ಲಿಗೆ ಔಷಧ ಕೊಡುವುದು ತಮಗೆ ಗೊತ್ತಿಲ್ಲವೆಂದು ಮುಚ್ಚುಮರೆಯಿಲ್ಲದೆ ಹೇಳಿದರು. ಗೊತ್ತಿದ್ದ ಮೈಸೂರಿನ ಒಬ್ಬರಿಗೆ ಫೋನು ಮಾಡಿ ವಿಚಾರಿಸಿ, ತೊಳೆದದ್ದು ಸರಿ, ಬೆಚ್ಚಗಿಡಿ, ಬಾಯಿಗೆ ಹನಿ ನೀರು ಬಿಡಿ ಎಂದರು. ಸಾಧ್ಯವಾದರೆ ಮೈಸೂರಿಗೇ ಒಯ್ಯಿರಿ ಎಂದೂ ಹೇಳಿದರು.

ಮೈಸೂರಿನಲ್ಲಿ ಅನುಶ್ರೀ ಇದ್ದಳು. ಅಲ್ಲಿಗೆ ಒಯ್ದರೆ ಅವಳಿಗೆ ಹೇಳಲೇಬೇಕು. ಚಾಮಯ್ಯ ಬೈಕನ್ನು ಊರ ಕಡೆಗೆ ತಿರುಗಿಸಿದ. ಮುಂದೆ ಅವನು ತನ್ನನ್ನು ಹೆಚ್ಚು ಹಳಿದುಕೊಂಡದ್ದು ಈ ತಿರುವಿಗಾಗಿ. ಪುಡಿ ಹಾಕಿದ್ದು ಜಂಬ, ಇದು ಹೇಡಿತನ.

ಎರಡು ದಿನ ಕಳೆದು ಮಧ್ಯಾಹ್ನ ಹಲ್ಲಿ ಸತ್ತಿತು. ಕೊನೆಯವರೆಗೂ ಅವನು ಅದರ ಮುಂದೆಯೇ ಇದ್ದ. ಸತ್ತ ಮೇಲೆ ಎದ್ದು, ಗೂಡನ್ನು ಸೋಪು ಹಾಕಿ ತೊಳೆದು ಒಣಗಿಸಿ, ಗೂಟದ ಮೇಲಿನ ಪ್ಯಾಕೆಟ್ ಇಳಿಸಿ ಹೊಸ ಪಾಚಿ ನೆನೆಸಿ ತುಂಬಿದ. ಬೆಲ್ಲನನ್ನು ಅದರ ಮೇಲೆ ಮಲಗಿಸಿದ. ಆಮೇಲೆ ಮಗಳಿಗೆ ಫೋನು ಮಾಡಿ, ಹಲ್ಲಿ ಹೋಗಿಬಿಟ್ಟಿತು ಕಣವ್ವ, ಪಾಚಿ ಬೂಷ್ಟು ಹಿಡಿದಿತ್ತು ಎಂದ. ಎರಡು ಮಾತೂ ನಿಜವೇ. ಎರಡನ್ನೂ ಜೊತೆಗೆ ಹೇಳಿದ್ದರಿಂದ ಅದು ಸುಳ್ಳಾಯಿತು.

ಅವಳು ಸಂಜೆಯೇ ಬಂದಳು. ಪೆಟ್ಟಿಗೆಯ ಮುಂದೆ ಕೂತು, ಹಲ್ಲಿಯನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡು, ಬೆರಳು ಒಂದೊಂದನ್ನೂ ನೋಡಿದಳು. ಚಿಕ್ಕಬೀರಮ್ಮ ಅವಳ ಬೆನ್ನು ಸವರುತ್ತಿದ್ದಳು. ಅನುಶ್ರೀ ಅಪ್ಪನತ್ತ ತಿರುಗಿದಳು.

"ನೀವು ಹೇಳಿದ್ದೇ ಸರಿ ಅಪ್ಪ. ನಾರಿನ ಪುಡೀನೇ ಹಾಕ್ಬೇಕಿತ್ತು. ನಾನು ಓದಿದ್ದೇ ದೊಡ್ಡದು ಅಂದ್ಕೊಂಡೆ."

ಚಾಮಯ್ಯ ಕಂಬಕ್ಕೆ ಒರಗಿ ನಿಂತಿದ್ದ. ಸುನಂದಮ್ಮ ಅಡುಗೆಮನೆಯ ಬಾಗಿಲಿನಿಂದ ಅವನನ್ನೇ ನೋಡುತ್ತಿದ್ದಳು. ಅವನು, "ಓಗ್ಲಿ ಬುಡವ್ವ, ಅದ್ರ ಅಣೇಬರ," ಎಂದ.

ಅದಾದ ಮೇಲೆ ಸುನಂದಮ್ಮ ಅವನಿಗೆ ಒಂದೇ ಸಲ ಹೇಳಿದಳು, ಮತ್ತೆ ಹೇಳಲಿಲ್ಲ. "ನಾನಾಗಿ ಅವ್ಳಿಗೆ ಯೋಳಕಿಲ್ಲ. ನೀವೇ ಯೋಳ್ಬೇಕು."

ಹೇಳುತ್ತೇನೆ ಎಂದುಕೊಂಡೇ ಮೇ ಕಳೆಯಿತು. ನಾಟಿಯ ಕಾಲ, ಸಸಿ ಒಯ್ಯುವವರ ಸಾಲು, ಪುರುಸೊತ್ತಿಲ್ಲ. ಜೂನು ಕಳೆಯಿತು. ಅನುಶ್ರೀ ಈಗ ಮೊದಲಿನಂತೆ ದೂರವಿರಲಿಲ್ಲ. ಅದೇ ಅವನ ಬಾಯಿ ಕಟ್ಟಿತು. ಎಲ್ಲದಕ್ಕೂ ಅವಳು ಅಪ್ಪನನ್ನು ಕೇಳುತ್ತಿದ್ದಳು. ಬಸ್ಸಿಗೆ ಹೋಗಲೇ ಗಾಡಿ ಕೊಳ್ಳಲೇ, ಈ ಸೀರೆಯೋ ಆ ಸೀರೆಯೋ, ರಜೆಗೆ ಹೋಗಲೇ ಬೇಡವೇ. ಅವನು ಏನು ಹೇಳಿದರೂ ಸರಿ ಎನ್ನುತ್ತಿದ್ದಳು. ಇಂಥ ದಿನಕ್ಕಾಗಿ ಐದು ವರ್ಷ ಕಾದಿದ್ದ ಚಾಮಯ್ಯನಿಗೆ ಈಗ ಅವಳ ಒಂದೊಂದು ಪ್ರಶ್ನೆಯೂ ಮೈಗೆ ಮುಳ್ಳು ತಾಗಿದಂತಾಗುತ್ತಿತ್ತು.

ಆಗಸ್ಟಿನಲ್ಲಿ ಎಚ್.ಡಿ. ಕೋಟೆಯ ಬಳಿಯ ಊರಾದ ಹ್ಯಾಂಡ್‌ಪೋಸ್ಟಿನಲ್ಲಿ ಡಾಕ್ಟರೊಬ್ಬರು ಹೊಸ ಲ್ಯಾಬು ತೆರೆದರು. ಅನುಶ್ರೀಯ ಕೆಲಸ ನೋಡಿದ್ದವರು. ನೀನೇ ಬಂದು ಇಡೀ ಲ್ಯಾಬು ನೋಡಿಕೊ, ಇಬ್ಬರು ಹುಡುಗಿಯರನ್ನು ಕೈಕೆಳಗೆ ಕೊಡುತ್ತೇನೆ, ಇರಲು ಕೋಣೆಯೂ ಇದೆ ಎಂದು ಕರೆದರು. ಊಟಕ್ಕೆ ಕೂತಾಗ ಅವಳು ವಿಷಯ ಹೇಳಿ, ಏನು ಮಾಡಲಿ ಎಂದು ಕೇಳಿದಳು. ಚಾಮಯ್ಯ ತುತ್ತು ಬಾಯಿಗಿಡುತ್ತಾ, ಹಳೆಯ ಅಭ್ಯಾಸದಲ್ಲಿ, ಅಷ್ಟು ದೂರ ಯಾಕೆ, ಇಲ್ಲೇ ಇರು ಎಂದುಬಿಟ್ಟ. ಅವಳು ವಾದಿಸುತ್ತಾಳೆ, ಆಮೇಲೆ ಒಪ್ಪೋಣ ಎಂದು ಅವನ ಲೆಕ್ಕ. ಅವಳು ಆಯಿತು ಎಂದಳು. ಬೆಳಿಗ್ಗೆ ಡಾಕ್ಟರಿಗೆ ಫೋನು ಮಾಡಿ, ಬರಲಾಗುವುದಿಲ್ಲ ಎಂದು ತಿಳಿಸಿದಳು. ವಾರದೊಳಗೆ ಆ ಜಾಗಕ್ಕೆ ಹುಣಸೂರಿನ ಇನ್ನೊಬ್ಬ ಹುಡುಗಿ ಬಂದಳು.

ಅವಳು ಅಷ್ಟು ಸುಲಭವಾಗಿ ಆಯಿತು ಎಂದದ್ದು ಚಾಮಯ್ಯನನ್ನು ಕಾಡಿತು. ತನ್ನ ಓದನ್ನು ನಂಬುತ್ತಿದ್ದ ಹುಡುಗಿ ಅದನ್ನು ಬಿಟ್ಟು ಅಪ್ಪನ ಕೈಯನ್ನು ನಂಬಿದ್ದಾಳೆ. ಆ ಕೈ ಮಾಡಿದ್ದೇನೆಂದು ತನಗೆ ಗೊತ್ತು.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಅಪ್ಪ ಮಗಳು ನಡುಮನೆಯಲ್ಲಿ ಕೂತು ಶಾಖದಲ್ಲಿ ಬೇಯಿಸಿ ಒಣಗಿಸಿದ ಹೊಗೆಸೊಪ್ಪನ್ನು ಬಣ್ಣ ನೋಡಿ ವಿಂಗಡಿಸುತ್ತಿದ್ದರು. ಅವಳು ಒಂದು ಎಲೆ ಎತ್ತಿ, ಇದು ಯಾವ ಗುಂಪಿಗೆ ಎಂದು ಕೇಳಿದಳು. ಅವಳಿಗೆ ಹತ್ತು ವರ್ಷದವಳಿದ್ದಾಗಲೇ ಗೊತ್ತಿದ್ದ ಸಂಗತಿ. ಚಾಮಯ್ಯ ಎಲೆ ಇಸಿದುಕೊಳ್ಳಲಿಲ್ಲ.

"ನನ್ನ ಕೇಳ್ಬ್ಯಾಡ ಕಣವ್ವ," ಎಂದ. "ಬೆಲ್ಲ ಪಾಚಿಯಿಂದ ಸಾಯ್ಲಿಲ್ಲ. ನಾನು ಪಾಚಿ ತಗ್ದು ಶೆಡ್ಡಿನ ಪುಡಿ ತುಂಬ್ದೆ. ಅದ್ಕೆ ಇರುವೆ ಮದ್ದು ಬೆರ್ಸಿತ್ತು. ಸತ್ತ ಮ್ಯಾಲೆ ಪಾಚಿ ಹಾಕಿ ಮಡಗ್ದೆ."

ಅವಳ ಕೈ ನಿಂತಿತು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತುಹೋಯಿತು.

"ಹೊಸ ಪಾಚಿ ಪ್ಯಾಕೆಟ್ಟು ನಿಮ್ ಕಣ್ಣಿಗೆ ಬಿದ್ದಿತ್ತಾ?"

ಇಲ್ಲ ಎಂದಿದ್ದರೆ ನಡೆಯುತ್ತಿತ್ತು. ವಯಸ್ಸಾದವನು, ಕಾಣಲಿಲ್ಲ, ಸಿಕ್ಕಿದ್ದು ತುಂಬಿದ ಎಂದು ಅವಳು ಕ್ಷಮಿಸುತ್ತಿದ್ದಳು. ಆ ಉತ್ತರವನ್ನು ಅವಳೇ ಅವನ ಕೈಗೆ ಕೊಡುತ್ತಿದ್ದಳೇನೋ ಎಂದು ಚಾಮಯ್ಯನಿಗೆ ಆಮೇಲೆ ಅನಿಸಿತು.

"ಬಿದ್ದಿತ್ತು," ಎಂದ.

ಅವಳು ಎಲೆಯನ್ನು ಅದರ ಗುಂಪಿಗೆ ಸೇರಿಸಿದಳು. ಸರಿಯಾದ ಗುಂಪಿಗೇ. ಉಳಿದದ್ದನ್ನೂ ಮುಗಿಸಿ ಎದ್ದಳು.

"ಹಲ್ಲಿ ಸತ್ತಿದ್ದು ಬಿಡಿ ಅಪ್ಪ. ಆರು ತಿಂಗ್ಳಿಂದ ನನ್ ಬುದ್ಧಿ ಮೇಲೆ ನಂಗೇ ನಂಬಿಕೆ ಇಲ್ದಂಗೆ ಬದುಕ್ದೆ," ಎಂದಳು. ದನಿ ಏರಲಿಲ್ಲ.

ಚಾಮಯ್ಯ ಆ ವಾರವೆಲ್ಲ ಸರಿಯಾಗಿ ಉಣ್ಣಲಿಲ್ಲ. ಏನಾದರೂ ಮಾಡಬೇಕು ಅನಿಸುತ್ತಿತ್ತು. ಗುರುವಾರ ಬೆಳಿಗ್ಗೆ ಯಾರಿಗೂ ಹೇಳದೆ ಬಿಳಿ ಪಂಚೆ ಉಟ್ಟು, ಹುಣಸೂರಿಗೆ ಹೋಗಿ ಅಲ್ಲಿಂದ ಬಸ್ಸು ಬದಲಿಸಿ ಹ್ಯಾಂಡ್‌ಪೋಸ್ಟಿನಲ್ಲಿ ಇಳಿದ. ಲ್ಯಾಬು ಹುಡುಕಿ, ರೋಗಿಗಳ ನಡುವೆ ಬೆಂಚಿನ ಮೇಲೆ ಎರಡು ಗಂಟೆ ಕಾದ. ಡಾಕ್ಟರು ಕರೆದಾಗ ಕೈಮುಗಿದು, ತಪ್ಪು ತನ್ನದು, ಮಗಳಿಗೆ ಬರುವ ಮನಸ್ಸಿತ್ತು, ತಾನೇ ತಡೆದೆ, ಇನ್ನೂ ಜಾಗವಿದ್ದರೆ ಕೊಡಬೇಕು ಎಂದು ಕೇಳಿದ. ಅವನು ಹಾಗೆ ಒಬ್ಬರ ಮುಂದೆ ನಿಂತು ಕೇಳಿದ್ದು ಜೀವನದಲ್ಲಿ ಅದೇ ಮೊದಲು. ಡಾಕ್ಟರು ಮರ್ಯಾದೆಯಿಂದಲೇ ಮಾತಾಡಿದರು. ಬಂದಿರುವ ಹುಡುಗಿ ಚೆನ್ನಾಗಿ ಮಾಡುತ್ತಿದ್ದಾಳೆ, ಅವಳನ್ನು ತೆಗೆಯಲಾಗುವುದಿಲ್ಲ ಎಂದರು. ಗಾಜಿನ ಆಚೆ ಆ ಹುಡುಗಿ ಬಿಳಿ ಕೋಟು ತೊಟ್ಟು ಏನನ್ನೋ ಬರೆದುಕೊಳ್ಳುತ್ತಿದ್ದುದು ಕಾಣಿಸಿತು. ಚಾಮಯ್ಯ ಬೇಗ ಕಣ್ಣು ತೆಗೆದ.

ಸಂಜೆ ಮನೆಗೆ ಬಂದು ಮಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಈ ಸಲ ಒಂದಕ್ಷರ ಮುಚ್ಚಿಡಲಿಲ್ಲ. ಮಾಡಿದ ತಪ್ಪಿಗೆ ಇಷ್ಟಾದರೂ ಮಾಡಿದೆನಲ್ಲ ಎಂದು ಸ್ವಲ್ಪ ಹಗುರವಾಗಿತ್ತು. ಅನುಶ್ರೀ ಬ್ಯಾಗಿನಿಂದ ಊಟದ ಡಬ್ಬಿ ತೆಗೆಯುತ್ತಿದ್ದವಳು ಹಾಗೇ ನಿಂತಳು.

"ಹೋಗೋಕ್ ಮುಂಚೆ ನನ್ನ ಒಂದ್ ಮಾತು ಕೇಳಿದ್ರಾ ಅಪ್ಪ?"

ಅವನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಆಯಿತು. ಜಗುಲಿಗೆ ಹೋಗಿ ಕೂತ. ಸುನಂದಮ್ಮ ಕಾಫಿ ತಂದು ಪಕ್ಕದಲ್ಲಿಟ್ಟು, ತಾನೂ ಕೂತಳು.

ಮುಂದಿನ ಜನವರಿಯಲ್ಲಿ ಅನುಶ್ರೀ ಕೆ.ಆರ್. ನಗರದ ಒಂದು ಲ್ಯಾಬಿಗೆ ತಾನೇ ಅರ್ಜಿ ಹಾಕಿ, ತಾನೇ ಹೋಗಿ ಮಾತಾಡಿ, ಕೋಣೆಯನ್ನೂ ಗೊತ್ತು ಮಾಡಿಕೊಂಡು, ಎಲ್ಲ ಆದ ಮೇಲೆ ಮನೆಯಲ್ಲಿ ಹೇಳಿದಳು. ಚಿಕ್ಕಬೀರಮ್ಮ ಅತ್ತಳು. ಚಾಮಯ್ಯ, ಯಾವ ಬಸ್ಸು, ಎಷ್ಟು ಹೊತ್ತಿಗೆ ಎಂದಷ್ಟೇ ಕೇಳಿದ. ಸೋಮವಾರ ಬೆಳಿಗ್ಗೆ ಟ್ರಂಕು ಹೊತ್ತು ಕಂಪಲಾಪುರದ ಬಸ್ ಸ್ಟ್ಯಾಂಡಿನವರೆಗೆ ಹೋದ. ಬಸ್ಸು ಬರುವವರೆಗೆ ಇಬ್ಬರೂ ಚಳಿಯ ಮಾತಾಡಿದರು. ಅವಳು ಹತ್ತುವಾಗ ಬಾಗಿ ಅವನ ಕಾಲು ಮುಟ್ಟಿದಳು. ಕಂಡಕ್ಟರು ಸೀಟಿ ಊದಿದ.

ಈಗ ಅವಳು ತಿಂಗಳಿಗೊಮ್ಮೆ ಬರುತ್ತಾಳೆ. ಅಜ್ಜಿಯ ಸಕ್ಕರೆ ಪರೀಕ್ಷಿಸುತ್ತಾಳೆ, ಅಮ್ಮನಿಗೆ ಪಾತ್ರೆ ತೊಳೆದುಕೊಡುತ್ತಾಳೆ, ಅಪ್ಪನ ಆರೋಗ್ಯ ವಿಚಾರಿಸುತ್ತಾಳೆ. ಸಿಟ್ಟು ಕಾಣುವುದಿಲ್ಲ. ಆದರೆ ಏನು ಮಾಡಲಿ ಎಂದು ಅಪ್ಪನನ್ನು ಕೇಳುವುದಿಲ್ಲ. ಮೊನ್ನೆ ಬಂದಿದ್ದಾಗ ಚಾಮಯ್ಯ, ಕೆಲಸ ಹೇಗಿದೆಯವ್ವ ಎಂದ. ಚೆನ್ನಾಗಿದೆ ಎಂದಳು. ಅವಳು ಮುಂದುವರಿಸುತ್ತಾಳೆಂದು ಅವನು ಸ್ವಲ್ಪ ಹೊತ್ತು ಕಾದ. ಆಮೇಲೆ ಎದ್ದು ಸಸಿಗೆ ನೀರು ಬಿಡಲು ಹೋದ.